ಪೆಟ್ಟಿಗೆ ಗಟ್ಟಿ ಇರುವಾಗ ಎಸೆಯುವುದೇಕೆ?

ನಮ್ಮಪ್ಪ ಒಂದು ಮಳೆ ಪುಸ್ತಕ ಬರೆದಿಟ್ಟಿದ್ದರು. ಯಾವ ಮಳೆ ಎಷ್ಟು ದಿನ ಹುಯ್ತು, ಶೇಂಗಾ ಬಿತ್ತಿದ್ದು ಯಾವತ್ತು, ಕಿತ್ತಿದ್ದು ಯಾವತ್ತು, ಎಷ್ಟು ಚೀಲ ಆಯ್ತು, ಎಲ್ಲ ಅದರಲ್ಲಿತ್ತು. ಗೆದ್ದಲು ಅರ್ಧ ತಿಂದ ಮೇಲೆ ನನಗೆ ಎಚ್ಚರವಾಯಿತು. ಆಮೇಲೆ ನಾನು ಫೋನಿನಲ್ಲಿ ಫೋಟೋ ತೆಗೆದಿಡುವ ರೂಢಿ ಮಾಡಿಕೊಂಡೆ. 2023ರ ಬರದಲ್ಲಿ ವಾರಕ್ಕೊಂದು ಸಲ ಹೊಲದ ಫೋಟೋ ತೆಗೆದೆ. ಯಾವ ತಳಿ ಮೊದಲು ಬಾಡಿತು, ಯಾವುದು ತಡೆದುಕೊಂಡಿತು ಅಂತ ಮುಂದಿನ ವರ್ಷ ನೋಡಿ ಬೀಜ ಆರಿಸೋಣ ಎಂದಿದ್ದೆ. ದನಕ್ಕೆ ನೀರು ಕುಡಿಸುವಾಗ ಆ ಫೋನು ತೊಟ್ಟಿಗೆ ಬಿತ್ತು. ಅಪ್ಪನ ಅರ್ಧ ಪುಸ್ತಕವಾದರೂ ಉಳಿಯಿತು, ನನ್ನದು ಒಂದು ಪುಟವೂ ಉಳಿಯಲಿಲ್ಲ.

ಅದಕ್ಕೇ ಈ ಸಲ ಬೀಜ ಗೊಬ್ಬರ ಬಿಟ್ಟು ವೈಫೈ ಪೆಟ್ಟಿಗೆಯ ವಿಷಯ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ತಪ್ಪಿದ್ದರೆ ತಿಳಿದವರು ತಿದ್ದಿ.

ಇಂಟರ್‌ನೆಟ್ಟಿನಲ್ಲೇ ಇಟ್ಟುಬಿಡಿ ಎಂದು ಹೇಳುವವರು ಬಹಳ ಜನ. ಗೂಗಲಿನವರು ಪುಕ್ಕಟೆ ಕೊಡುವುದು 15 ಜಿಬಿ. ಹೊಲದ ವಿಡಿಯೋ ತೆಗೆಯುವವರಿಗೆ ಅದು ಒಂದು ಮುಂಗಾರಿಗೂ ಸಾಲದು. ಆಮೇಲೆ ಬಾಡಿಗೆ ಶುರು. ಬೆಳೆ ಬಂದ ವರ್ಷ ಕಟ್ಟುತ್ತೇವೆ, ಬರದ ವರ್ಷ ಏನು ಮಾಡೋಣ? ಬರದ ವರ್ಷದ ಲೆಕ್ಕವೇ ನಮಗೆ ಮುಖ್ಯ.

ನಮ್ಮ ಮನೆಯಲ್ಲಿ ಹಳೇ ರೂಟರ್ ಇತ್ತು. ಹಿಂದುಗಡೆ ಯುಎಸ್‌ಬಿ ತೂತು ಇದೆ. ಅದಕ್ಕೆ ಡ್ರೈವ್ ಸಿಕ್ಕಿಸಿದರೆ ಮನೆಯವರೆಲ್ಲ ಫೋನಿನಿಂದ, ಕಂಪ್ಯೂಟರಿನಿಂದ ನೋಡಬಹುದು ಅಂತ ಡಬ್ಬಿಯ ಮೇಲೇ ಬರೆದಿತ್ತು. ಒಂದು ಡ್ರೈವ್ ತಂದು ಹಾಕಿದೆ. ತಮ್ಮನ ಮನೆಯ ಹಳೇ ಕಂಪ್ಯೂಟರಿಗೆ ಕಂಡಿತು. ಹುಡುಗನ ಹೊಸ ಲ್ಯಾಪ್‌ಟಾಪಿಗೆ ಕಾಣಲೇ ಇಲ್ಲ. ಕೇಬಲ್ಲಿನವನನ್ನು ಕೇಳಿದೆ. "ಹಳೇದಾಯ್ತು, ಎಸೀರಿ, ಹೊಸದು ಹಾಕ್ತೀನಿ" ಅಂದ. ದೀಪ ಉರಿಯುತ್ತಿದೆ, ವೈಫೈ ಬರುತ್ತಿದೆ, ಎಸೆಯುವುದು ಯಾಕೆ ಅಂತ ನನಗೆ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದ್ದು ತಮ್ಮನ ಮಗ. "ದೊಡ್ಡಪ್ಪ, ಪೆಟ್ಟಿಗೆ ಸರಿಯಾಗೈತೆ. ಒಳಗಿನ ತಂತ್ರಾಂಶ ಹಳೇದು" ಅಂದ. ಇದಕ್ಕೆ ಫರ್ಮ್‌ವೇರ್ ಅನ್ನುತ್ತಾರೆ. ಒಂದು ಕಂಪ್ಯೂಟರಿನ ಕಡತ ಇನ್ನೊಂದಕ್ಕೆ ತೋರಿಸಲು ಎಸ್‌ಎಂಬಿ ಅಂತ ಒಂದು ಭಾಷೆ ಇದೆ. ನಮ್ಮ ಪೆಟ್ಟಿಗೆಗೆ ಅದರ ಒಂದನೇ ಆವೃತ್ತಿ ಮಾತ್ರ ಗೊತ್ತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಲೋಕದ ತುಂಬಾ ಹರಡಿದ್ದು ಆ ಹಳೇ ಭಾಷೆಯಲ್ಲಿದ್ದ ಬಿರುಕಿನಿಂದ. ಅದೇ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಆ ಭಾಷೆ ತಾನಾಗಿ ಇರುವುದಿಲ್ಲ. ಅದು ಸರಿಯೇ. ಆದರೆ ನಮ್ಮ ಪೆಟ್ಟಿಗೆ ಮಾಡಿದವರು ಅದಕ್ಕೆ ಹೊಸ ಭಾಷೆ ಕಲಿಸುವ ಗೋಜಿಗೆ ಹೋಗಲಿಲ್ಲ. ಅಷ್ಟೊತ್ತಿಗೆ ಹೊಸ ಮಾದರಿ ಮಾರಾಟಕ್ಕೆ ಬಂದಿತ್ತು.

ಕುಂಟೆಯ ಕುಡ ಸವೆದರೆ ಕುಲುಮೆಗೆ ಒಯ್ದು ತಟ್ಟಿಸುತ್ತೇವೆ. ಅದಕ್ಕೆ ಕುಂಟೆ ಮಾಡಿದವನ ಅಪ್ಪಣೆ ಬೇಕಿಲ್ಲ. ಈ ಪೆಟ್ಟಿಗೆಗೂ ಅಂಥ ಕುಲುಮೆ ಉಂಟು ಅಂತ ಹುಡುಗ ಹೇಳಿದಾಗ ನಾನು ನಂಬಲಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಅಂತ ಅದರ ಹೆಸರು. ಬಾಯಿಗೆ ಬರುವುದಿಲ್ಲ, ನಾವು ಮನೆಯಲ್ಲಿ ಓಪನ್ ಅಂತಲೇ ಕರೆಯುವುದು.

ಅದು ಹುಟ್ಟಿದ ಕತೆ ರೈತರಿಗೆ ಹಿಡಿಸುತ್ತದೆ. 2002ರ ಕೊನೆಗೆ ಅಮೆರಿಕದ ಲಿಂಕ್‌ಸಿಸ್ ಕಂಪನಿ ಒಂದು ನೀಲಿ ಕಪ್ಪು ರೂಟರ್ ಮಾರಾಟಕ್ಕೆ ತಂದಿತು. ಅದರೊಳಗೆ ಲಿನಕ್ಸ್ ಇದೆ ಅಂತ ಮುಂದಿನ ವರ್ಷ ಕೆಲವರು ಪತ್ತೆ ಮಾಡಿದರು. ಲಿನಕ್ಸನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಒಂದು ಕಟ್ಟಳೆ ಇದೆ. ಅದನ್ನು ಹಾಕಿ ಮಾರಿದವನು ಮಾಡಿದ ಬದಲಾವಣೆಯ ಸಮೇತ ಮೂಲ ಬರಹವನ್ನು ಕೇಳಿದವರಿಗೆ ಕೊಡಬೇಕು. ನಮ್ಮಲ್ಲಿ ಬಿತ್ತನೆಗೆ ಬೀಜ ಕಡ ಒಯ್ದವರು ಸುಗ್ಗಿಯಲ್ಲಿ ಬೀಜವನ್ನೇ ತಂದು ಅಳೆದುಕೊಡಬೇಕು, ಹಾಗೆ. ಒತ್ತಾಯ ಹೆಚ್ಚಿ 2003ರಲ್ಲೇ ಕಂಪನಿ ಮೂಲ ಬರಹ ಹೊರಗೆ ಬಿಟ್ಟಿತು. ಆ ಬೀಜದಿಂದ 2004ರಲ್ಲಿ ಈ ಓಪನ್ ಬೆಳೆಯಿತು. ಈಗ ಬೇರೆ ಬೇರೆ ಕಂಪನಿಗಳ ನೂರಾರು ಮಾದರಿಗಳಿಗೆ ಅದು ಹೊಂದುತ್ತದೆ, ದುಡ್ಡು ಕೊಡಬೇಕಿಲ್ಲ.

ನಾವು ಹಾಕಿದ್ದು ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ಮೊದಲನೇ ಸಲ ಕೆಟ್ಟಿತು. ಪೆಟ್ಟಿಗೆಯ ತಳದ ಚೀಟಿಯಲ್ಲಿ ಮಾದರಿ ಮತ್ತು ಆವೃತ್ತಿ ಸಂಖ್ಯೆ ಇರುತ್ತದೆ. ಒಂದೇ ಹೆಸರಿದ್ದರೂ ಆವೃತ್ತಿ 2 ಮತ್ತು 4ರ ಒಳಗಿನ ಸಾಮಾನು ಬೇರೆ ಇರಬಹುದು, ಸರಿಯಾದ ಕಡತವೇ ಬೇಕು. ಹುಡುಗ ಅದನ್ನೆಲ್ಲ ಸರಿಯಾಗೇ ನೋಡಿದ್ದ. ಕಡತ ಒಳಗೆ ಹೋಗುತ್ತಿರುವಾಗ ಕರೆಂಟು ಹೋಯಿತು! ಬಂದ ಮೇಲೆ ಒಂದೇ ದೀಪ, ಉಳಿದದ್ದು ಸತ್ತಂತೆ. "ಇದ್ದುದನ್ನೂ ಕಳಕೊಂಡ್ರಲ್ಲ" ಅಂತ ಮನೆಯಾಕೆ ಅಂದಳು. ಎರಡು ದಿನ ಹುಡುಗ ಮುಖ ತೋರಿಸಲಿಲ್ಲ.

ಮೂರನೇ ದಿನ ಬಂದವನು ಲ್ಯಾಪ್‌ಟಾಪಿಗೂ ಪೆಟ್ಟಿಗೆಗೂ ತಂತಿ ಹಾಕಿ, ರೀಸೆಟ್ ಗುಂಡಿ ಒತ್ತಿ ಹಿಡಿದುಕೊಂಡೇ ಆನ್ ಮಾಡಿದ. ಹಾಗೆ ಮಾಡಿದರೆ ಕೆಲವು ಮಾದರಿಗಳು ತಾವೇ ಲ್ಯಾಪ್‌ಟಾಪಿನಿಂದ ಕಡತ ಕೇಳಿ ಎಳೆದುಕೊಳ್ಳುತ್ತವಂತೆ. ನಮ್ಮದು ಎಳೆದುಕೊಂಡಿತು. ಎಲ್ಲ ಮಾದರಿಯಲ್ಲೂ ಈ ದಾರಿ ಇಲ್ಲ, ಮೊದಲೇ ತಿಳಿದುಕೊಳ್ಳಬೇಕು. ಈ ಸಲ ಕರೆಂಟನ್ನು ನಂಬಲಿಲ್ಲ. ನಮ್ಮ ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರೆದಿತ್ತು, ಔಷಧಿ ಹೊಡೆಯುವ ಪಂಪಿನ 12 ವೋಲ್ಟ್ ಬ್ಯಾಟರಿಯಿಂದಲೇ ನಡೆಸಿದೆವು. ಕೆಲವಕ್ಕೆ 9 ಅಥವಾ 5 ವೋಲ್ಟ್ ಇರುತ್ತದೆ, ಓದದೆ ತಂತಿ ಕೊಟ್ಟರೆ ಸುಟ್ಟುಹೋದೀತು.

ಹಾಕಿದ ಮೇಲೆ ವೈಫೈ ಮಾಯ. ಮತ್ತೆ ಕೆಟ್ಟಿತು ಅಂದುಕೊಂಡೆ. ಬೀಗ ಹಾಕದೆ ಬಾಗಿಲು ತೆರೆಯಬಾರದು ಅಂತ ಓಪನ್‌ನವರು ಮೊದಲಿಗೆ ವೈಫೈ ಆಫ್ ಮಾಡಿಟ್ಟಿರುತ್ತಾರೆ. ತಂತಿ ಹಾಕಿ, ಪಾಸ್‌ವರ್ಡ್ ಇಟ್ಟು, ನಾವೇ ಆನ್ ಮಾಡಬೇಕು. ಆಮೇಲೆ ಡ್ರೈವ್ ಗುರುತಿಸುವುದಕ್ಕೆ, ಅದರಲ್ಲಿರುವುದನ್ನು ಓದುವುದಕ್ಕೆ, ಮನೆಯೊಳಗೆ ಹಂಚುವುದಕ್ಕೆ ಬೇರೆ ಬೇರೆ ತುಂಡು ಸೇರಿಸಿದ. ಇಷ್ಟಕ್ಕೆ ಪೆಟ್ಟಿಗೆಯಲ್ಲಿ ಜಾಗ ಬೇಕು. ನಮ್ಮದರಲ್ಲಿ 16 ಎಂಬಿ ಫ್ಲಾಶ್, 128 ಎಂಬಿ ರ್‍ಯಾಮ್ ಇದೆ. 4 ಎಂಬಿ ಫ್ಲಾಶ್, 32 ಎಂಬಿ ರ್‍ಯಾಮ್ ಇರುವ ಅಗ್ಗದವಕ್ಕೆ 19.07 ಆವೃತ್ತಿಯೇ ಕೊನೆ. ಅವನ್ನು ಮುಟ್ಟಲು ಹೋಗಬೇಡಿ.

ಡ್ರೈವ್ ಸಿಕ್ಕಿಸಿದರೆ ಟಿಕ್ ಟಿಕ್ ಅಂತ ಸದ್ದು, ತಿರುಗುವುದಿಲ್ಲ. ಇದು ತಂತ್ರಾಂಶದ ತಪ್ಪಲ್ಲ. ಹಳೇ ಯುಎಸ್‌ಬಿ ತೂತು ಕೊಡುವುದು ಅರ್ಧ ಆಂಪಿಯರ್, ತಿರುಗುವ ಡ್ರೈವಿಗೆ ಶುರುವಿನಲ್ಲಿ ಅದಕ್ಕಿಂತ ಹೆಚ್ಚು ಬೇಕು. ಬೇರೆ ಅಡಾಪ್ಟರ್ ಇರುವ ಹಬ್ ತಂದು ಮಧ್ಯೆ ಹಾಕಿದ ಮೇಲೆ ಸರಿಯಾಯಿತು. ಪೆನ್‌ಡ್ರೈವ್ ಆದರೆ ಈ ತಾಪತ್ರಯವಿಲ್ಲ.

ಈಗ ನಮ್ಮ ಮನೆ, ತಮ್ಮನ ಮನೆ, ಪಕ್ಕದ ಮನೆ ಮೂವರದೂ ಹೊಲದ ಫೋಟೋ, ಪಹಣಿ, ಬೀಜದ ಲೆಕ್ಕ ಅದರಲ್ಲಿದೆ. ಅಪ್ಪನ ಪುಸ್ತಕದ ಉಳಿದ ಪುಟಗಳೂ ಇವೆ. ಇಂಟರ್‌ನೆಟ್ ಇಲ್ಲದ ದಿನವೂ ಮನೆಯೊಳಗೆ ತೆರೆದುಕೊಳ್ಳುತ್ತದೆ. ವೇಗ ಕಡಿಮೆ, ಕಂಪ್ಯೂಟರಿಗೆ ನೇರ ಸಿಕ್ಕಿಸಿದಷ್ಟು ಬರುವುದಿಲ್ಲ. ನಮಗೇನು ಅವಸರ? ಬೆಂಗಳೂರಿನಿಂದಲೂ ನೋಡುವ ಹಾಗೆ ಮಾಡೋಣ ಅಂತ ಹುಡುಗ ಕೇಳಿದ, ಬೇಡ ಅಂದೆ. ಊರ ಹೊರಗಿನ ಬಾಗಿಲು ತೆರೆದರೆ ಯಾರು ಬರುತ್ತಾರೋ ಯಾರಿಗೆ ಗೊತ್ತು. ಒಂದೇ ಡ್ರೈವನ್ನೂ ನಂಬಿಲ್ಲ. ಅಮಾವಾಸ್ಯೆಗೊಮ್ಮೆ ಎಲ್ಲವನ್ನೂ ಇನ್ನೊಂದಕ್ಕೆ ನಕಲು ಮಾಡಿ ತಮ್ಮನ ಮನೆಯಲ್ಲಿ ಇಡುತ್ತೇವೆ. ಇಷ್ಟನ್ನೂ ಮಾಡಲಾಗದವರು ಫೋಟೋಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಡಬ್ಬಿಯಲ್ಲಿಟ್ಟರೂ ನನಗಿಂತ ಬುದ್ಧಿವಂತರೇ.

ನನ್ನ ತಕರಾರು ಇರುವುದು ಮಾರುವವರ ಮೇಲೆ. ಬೀಜದ ಚೀಲದ ಮೇಲೆ ಯಾವತ್ತಿನವರೆಗೆ ಬಿತ್ತಬಹುದು ಅಂತ ತಾರೀಖು ಹಾಕಿರುತ್ತಾರೆ. ರೂಟರ್ ಡಬ್ಬಿಯ ಮೇಲೆ ಎಷ್ಟು ವರ್ಷ ತಂತ್ರಾಂಶ ಕೊಡುತ್ತೇವೆ ಅಂತ ಯಾಕೆ ಹಾಕಬಾರದು? ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಅಂಥ ಕಾನೂನೇ ಜಾರಿಯಲ್ಲಿದೆ, ಇಂಟರ್‌ನೆಟ್ಟಿಗೆ ಸೇರುವ ಸಾಮಾನು ಮಾರುವವರು ಕಡಿಮೆ ಅಂದರೆ ಎಷ್ಟು ಕಾಲ ರಕ್ಷಣೆಯ ತಂತ್ರಾಂಶ ಕೊಡುತ್ತೇವೆಂದು ಹೇಳಲೇಬೇಕು. ಇಲ್ಲೂ ಬರಲಿ. ಬರುವವರೆಗೆ ಅಂಗಡಿಯಲ್ಲಿ ನಾವೇ ಕೇಳೋಣ, ಇದಕ್ಕೆ ಓಪನ್ ಹಾಕಲು ಬರುತ್ತಾ ಅಂತ. ವಾರಂಟಿ ಹೋಗುತ್ತದೆ ಅಂತ ಹೆದರಿಸುತ್ತಾರೆ. ವಾರಂಟಿ ಮುಗಿದ ಹಳೇ ಪೆಟ್ಟಿಗೆಗೆ ಆ ಹೆದರಿಕೆ ಯಾಕೆ? ತಾಲ್ಲೂಕಿನಲ್ಲಿ ಫೋನ್ ರಿಪೇರಿ ಮಾಡುವ ಹುಡುಗರು ಇದನ್ನೂ ಕಲಿತರೆ ಅವರಿಗೂ ನಾಲ್ಕು ಕಾಸು.

ಮೊನ್ನೆ ಸಂತೆ ದಿನ ಪಕ್ಕದೂರಿನವರೊಬ್ಬರು ಕೈಚೀಲದಲ್ಲಿ ಎರಡು ಹಳೇ ರೂಟರ್ ಹಿಡಿದು ಬಂದಿದ್ದರು. ಒಂದಕ್ಕೆ ಯುಎಸ್‌ಬಿ ತೂತೇ ಇಲ್ಲ. ಇನ್ನೊಂದರ ತಳದ ಚೀಟಿ ಒಲೆ ಹೊಗೆಗೆ ಕಪ್ಪಾಗಿ ಆವೃತ್ತಿ ಸಂಖ್ಯೆ ಕಾಣುತ್ತಿಲ್ಲ. ಹುಡುಗ ಯುಗಾದಿಗೆ ಬರುತ್ತಾನೆ, ಅಲ್ಲಿವರೆಗೆ ಇಲ್ಲೇ ಇರಲಿ ಅಂತ ಇಟ್ಟುಕೊಂಡಿದ್ದೇನೆ.