ಬ್ರೇಕ್ ಇಲ್ಲದ ಗಾಡಿಗೆ ಒಂದು ಗಂಟೆಯ ಡ್ರೈವಿಂಗ್ ಕ್ಲಾಸ್

ಸೆಮ್ ಎಕ್ಸಾಮ್‌ನ ಕೊನೇ ಪೇಪರ್ ಇನ್ನೂ ಬಾಕಿ ಇರುವಾಗಲೇ ನಮ್ಮ ಹಾಸ್ಟೆಲ್‌ನಲ್ಲಿ ಮನಾಲಿ ಟ್ರಿಪ್‌ನ ವಾಟ್ಸಾಪ್ ಗ್ರೂಪ್ ಹುಟ್ಟಿಕೊಂಡಿರುತ್ತೆ. ಅದರ ಹಿಂದೆಯೇ ಒಂದು ಎಕ್ಸೆಲ್ ಶೀಟ್. ದೆಹಲಿವರೆಗೆ ಟ್ರೈನ್, ಅಲ್ಲಿಂದ ರಾತ್ರಿ ಬಸ್, ರೂಮಿಗೆ ನಾಲ್ಕು ಜನ, ಊಟಕ್ಕೆ ಇಷ್ಟು. ಇವೆಲ್ಲದರ ಕೆಳಗೆ ಒಂದು ಸಾಲು ತಪ್ಪದೇ ಇರುತ್ತೆ: ‘ಸೋಲಂಗ್, ಸ್ಕೀಯಿಂಗ್, 1 ಗಂಟೆ, ಇನ್‌ಸ್ಟ್ರಕ್ಟರ್ ಸಮೇತ.’

ಈ ಸಲ ಆ ಶೀಟ್ ತುಂಬೋ ಕೆಲಸ ಸೆಕೆಂಡ್ ಇಯರ್‌ನ ನಮ್ಮ ತಲೆ ಮೇಲೆ ಬಿತ್ತು. ಹೋಗಿಬಂದ ಸೀನಿಯರ್‌ಗಳನ್ನ ಕೇಳಿದ್ವಿ, ಕೋರ್ಸ್‌ಗಳ ವಿವರ ಓದಿದ್ವಿ, ರಾತ್ರಿ ಮೆಸ್‌ನಲ್ಲಿ ಕೂತು ಜಗಳವನ್ನೂ ಆಡಿದ್ವಿ. ಕೊನೆಗೆ ನಾವು ಬಂದಿರೋ ತೀರ್ಮಾನ ಇಷ್ಟು. ಆ ಒಂದು ಗಂಟೆಯ ಸಾಲನ್ನು ಅಳಿಸಿಬಿಡಿ. ಸ್ಕೀಯಿಂಗ್ ಕಲಿಯೋ ಆಸೆ ನಿಜವಾಗಿ ಇದ್ದರೆ ಕನಿಷ್ಠ ಮೂರು ದಿನ ಕೊಟ್ಟು ಕಲೀರಿ. ಇಲ್ಲವಾದರೆ ಹಿಮದಲ್ಲಿ ಉರುಳಾಡಿ, ಸ್ಲೆಡ್ಜ್ ಮೇಲೆ ಕೂತು ಜಾರಿ, ಮ್ಯಾಗಿ ತಿಂದು ಬನ್ನಿ. ಎರಡೂ ಒಳ್ಳೆಯ ರಜೆಯೇ. ನಡುವಿನ ಆ ಒಂದು ಗಂಟೆಯಲ್ಲಿ ಮಾತ್ರ ಕಲಿಕೆಯೂ ಇಲ್ಲ, ಸುರಕ್ಷತೆಯೂ ಇಲ್ಲ.

ಒಂದು ಗಂಟೆಯ ಲೆಕ್ಕ

ಲೆಕ್ಕ ಹಾಕಿಯೇ ನೋಡೋಣ. ಎಂಟು ಜನ, ಒಬ್ಬ ಇನ್‌ಸ್ಟ್ರಕ್ಟರ್, 60 ನಿಮಿಷ. ಸ್ಕೀ ಬೂಟು ನಮ್ಮ ಸ್ಪೋರ್ಟ್ಸ್ ಶೂ ಥರ ಅಲ್ಲ. ಗಟ್ಟಿ ಪ್ಲಾಸ್ಟಿಕ್, ನಾಲ್ಕು ಕ್ಲಿಪ್, ಒಳಗೆ ಕಾಲು ತೂರಿಸೋದೇ ಒಂದು ಲ್ಯಾಬ್ ಎಕ್ಸ್‌ಪೆರಿಮೆಂಟ್. ಸೈಜ್ ಹುಡುಕಿ, ಹಾಕಿ, ಸ್ಕೀಗೆ ಸಿಕ್ಕಿಸಿ, ಹಿಮದಲ್ಲಿ ನಿಂತುಕೊಳ್ಳೋ ಹೊತ್ತಿಗೆ 20 ನಿಮಿಷ ಹೋಯ್ತು ಅಂದುಕೊಳ್ಳಿ. ಉಳಿದ 40 ನಿಮಿಷವನ್ನ ಎಂಟರಿಂದ ಭಾಗಿಸಿ. ಒಬ್ಬರ ಪಾಲಿಗೆ ಐದು ನಿಮಿಷ. ಅದರಲ್ಲಿ ಒಂದು ನಿಮಿಷ ರೀಲ್‌ಗೆ ಮೀಸಲು, ಅದು ನಮಗೆಲ್ಲ ಗೊತ್ತಿರೋದೇ.

ಆ ಐದು ನಿಮಿಷದಲ್ಲಿ ಏನಾಗುತ್ತೆ ಅಂತ ಸೀನಿಯರ್‌ಗಳು ಹೇಳಿದ್ದು ಹೆಚ್ಚುಕಮ್ಮಿ ಒಂದೇ ಕಥೆ. ಒಬ್ಬರು ಕೋಲು ಹಿಡಿದು ಎಳೀತಾರೆ, ಸ್ವಲ್ಪ ದೂರ ಬಿಡ್ತಾರೆ, ಕೆಳಗೆ ಇನ್ನೊಬ್ಬರು ಹಿಡ್ಕೋತಾರೆ. ‘ನಿಲ್ಲೋದು ಹೇಗೆ ಅಂತ ಹೇಳಿಕೊಟ್ರಾ?’ ಅಂತ ಕೇಳಿದ್ವಿ. ‘ಬಿದ್ರೆ ನಿಲ್ತಿತ್ತು’ ಅಂದರು ಒಬ್ಬ ಅಣ್ಣ. ಎಲ್ಲರ ಹತ್ತಿರ ಫೋಟೋ ಇದೆ, ತಿರುಗೋಕೆ ಬರೋರು ಒಬ್ಬರೂ ಇಲ್ಲ.

ಇದರಲ್ಲಿ ಅಲ್ಲಿಯ ಹುಡುಗರ ದೋಷ ಹುಡುಕೋದು ಸುಲಭ. ಆದರೆ ಅವರ ಸೀಸನ್ ವರ್ಷಕ್ಕೆ ಕೆಲವೇ ವಾರ. ಬರೋ ಗಿರಾಕಿಗಳೆಲ್ಲ ಒಂದು ಗಂಟೆ, ಒಂದು ಫೋಟೋ ಅಂತಲೇ ಬಂದರೆ ಅವರು ಮಾರೋದೂ ಅದನ್ನೇ. ನಾವು ಕೇಳದೇ ಇದ್ದದ್ದನ್ನ ಅವರು ಕೊಡಬೇಕು ಅನ್ನೋದು ಯಾವ ನ್ಯಾಯ?

ಕಲಿಯಬೇಕಾದ ಮೊದಲ ಪಾಠ ನಿಲ್ಲೋದು

ಸ್ಕೀಯಿಂಗ್ ಅಂದರೆ ಜಾರೋದು ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಜಾರೋದನ್ನ ಗುರುತ್ವಾಕರ್ಷಣೆಯೇ ಫ್ರೀಯಾಗಿ ಮಾಡಿಕೊಡುತ್ತೆ, ಅದಕ್ಕೆ ಫೀಸ್ ಕೊಡಬೇಕಿಲ್ಲ. ದುಡ್ಡು ಕೊಟ್ಟು ಕಲಿಯೋದು ನಿಲ್ಲೋದನ್ನ.

ನಾವು ಇಂಜಿನಿಯರಿಂಗ್ ಓದೋರು, ಒಂದು ಫ್ರೀ ಬಾಡಿ ಡಯಾಗ್ರಾಂ ಬರೆಯೋಣ. ಇಳಿಜಾರು ಬರೀ 10 ಡಿಗ್ರಿ. ಸ್ಕೀಗೂ ಹಿಮಕ್ಕೂ ನಡುವಿನ ಘರ್ಷಣೆ ಗುಣಾಂಕ 0.05 ಅಂತ ಇಟ್ಕೊಳ್ಳಿ, ಗಾಳಿಯ ತಡೆಯನ್ನ ಬಿಟ್ಟುಬಿಡಿ. ಆಕ್ಸಲರೇಷನ್ ಸುಮಾರು 1.2 ಬರುತ್ತೆ. ನೇರವಾಗಿ 20 ಮೀಟರ್ ಜಾರಿದ ಮೇಲೆ ವೇಗ ಸೆಕೆಂಡಿಗೆ 7 ಮೀಟರ್, ಅಂದರೆ ಗಂಟೆಗೆ 25 ಕಿ.ಮೀ. ಇಷ್ಟಕ್ಕೆ ಆರು ಸೆಕೆಂಡು ಸಾಕು. ಸೈಕಲ್ ಜೋರಾಗಿ ತುಳಿದಾಗಿನ ವೇಗ ಅದು, ಆದರೆ ಕೈಯಲ್ಲಿ ಬ್ರೇಕ್ ಇಲ್ಲ. ‘ನಾನು ಸಣ್ಣಗಿದೀನಿ, ನಿಧಾನಕ್ಕೆ ಹೋಗ್ತೀನಿ’ ಅನ್ನೋರಿಗೆ ಒಂದು ಮಾತು: ಈ ಲೆಕ್ಕದಲ್ಲಿ ಮಾಸ್ ಎರಡೂ ಕಡೆ ಕ್ಯಾನ್ಸಲ್ ಆಗಿಹೋಗುತ್ತೆ.

ಬ್ರೇಕ್ ಇರೋದು ನಮ್ಮ ಕಾಲಲ್ಲೇ. ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ, ಒಳಗಿನ ಅಂಚು ಹಿಮವನ್ನ ಕಚ್ಚಬೇಕು. ಇದಕ್ಕೆ ಸ್ನೋಪ್ಲೋ ಅಂತ ಹೆಸರು. ಮಕ್ಕಳಿಗೆ ಕಲಿಸುವಾಗ ‘ಪಿಜ್ಜಾ’ ಅಂತಾರೆ, ಪಿಜ್ಜಾ ತುಂಡಿನ ಆಕಾರ ನೆನೆಸಿಕೊಳ್ಳಿ. ಎರಡೂ ಸ್ಕೀ ಸಮಾನಾಂತರವಾಗಿದ್ದರೆ ‘ಫ್ರೆಂಚ್ ಫ್ರೈಸ್’. ಪಿಜ್ಜಾ ಅಗಲ ಆದಷ್ಟೂ ಬ್ರೇಕ್ ಜಾಸ್ತಿ. ಕೇಳೋಕೆ ಇಷ್ಟೇ. ಆದರೆ ಇಳಿಜಾರಲ್ಲಿ ಹೆದರಿಕೆ ಆದ ಕೂಡಲೇ ನಮ್ಮ ಮೈ ತಾನಾಗೇ ಹಿಂದಕ್ಕೆ ವಾಲುತ್ತೆ. ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗದ ಮೇಲಿನ ಭಾರ ಹೋಗುತ್ತೆ, ಜೊತೆಗೆ ಹಿಡಿತವೂ ಹೋಗುತ್ತೆ. ಮೊಣಕಾಲು ಮುಂದಕ್ಕೆ ಬಾಗಿಸಿ, ಮುಂಗಾಲನ್ನ ಬೂಟಿಗೆ ಒತ್ತಿ, ಭಯ ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ಮಾಡಬೇಕು. ಇದು ಒಂದು ಗಂಟೆಯಲ್ಲಿ ಮೈಗೆ ಹತ್ತೋ ಪಾಠ ಅಲ್ಲ.

ಅದಕ್ಕೇ ಕಲಿಕೆಗೆ ಒಂದು ಕ್ರಮ ಇದೆ. ಆಸ್ಟ್ರಿಯಾದ ಸೇಂಟ್ ಆಂಟನ್ ಅನ್ನೋ ಊರಲ್ಲಿ ಹಾನೆಸ್ ಷ್ನೈಡರ್ 1907ರಲ್ಲಿ ಸ್ಕೀಯಿಂಗ್ ಕಲಿಸೋಕೆ ಶುರು ಮಾಡಿದರು. ಮೊದಲು ಸ್ನೋಪ್ಲೋ, ಆಮೇಲೆ ಅದರಿಂದಲೇ ತಿರುಗೋದು, ಆಮೇಲೆ ವೇಗದ ತಿರುವು ಅಂತ ಹಂತ ಹಂತವಾಗಿ ಪಾಠ ಜೋಡಿಸಿದ ಅವರ ಪದ್ಧತಿಗೆ ಆರ್ಲ್‌ಬರ್ಗ್ ಟೆಕ್ನಿಕ್ ಅಂತಾರೆ. ವಿದ್ಯಾರ್ಥಿಗಳನ್ನ ಅವರ ಮಟ್ಟಕ್ಕೆ ತಕ್ಕ ಗುಂಪು ಮಾಡಿ ಕಲಿಸೋದೂ ಆ ಪದ್ಧತಿಯ ಭಾಗ. ನೂರು ವರ್ಷ ದಾಟಿದರೂ ಹೊಸಬರ ಪಾಠ ಇವತ್ತಿಗೂ ಹೆಚ್ಚಿನ ಕಡೆ ಸ್ನೋಪ್ಲೋದಿಂದಲೇ ಶುರುವಾಗುತ್ತೆ. ಮೊದಲ ದಿನ ಸಮತಟ್ಟು ಜಾಗದಲ್ಲಿ ನಡೆಯೋದು, ಬಿದ್ದು ಏಳೋದು, ಅಡ್ಡಡ್ಡ ಹೆಜ್ಜೆ ಇಟ್ಟು ಹತ್ತೋದು, ನಿಲ್ಲೋದು. ಎರಡನೇ ದಿನ ತಿರುಗೋದು. ಮೂರನೇ ದಿನ ಒಂದು ತಿರುವಿಗೆ ಇನ್ನೊಂದನ್ನ ಜೋಡಿಸೋದು. ನಾವು ಮೂರು ದಿನ ಅಂತ ಹಟ ಹಿಡಿಯೋದು ಇದಕ್ಕೇ.

ಎಲ್ಲಿ ಕಲಿಯೋದು?

ಮನಾಲಿಯಲ್ಲೇ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ, 1961ರಲ್ಲಿ ಶುರುವಾದದ್ದು. ಚಳಿಗಾಲದಲ್ಲಿ ಅಲ್ಲಿ ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಅಂತ ಸ್ಕೀ ಕೋರ್ಸ್‌ಗಳು ನಡೆಯುತ್ತವೆ, ಒಂದೊಂದೂ ಸುಮಾರು ಎರಡು ವಾರ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಸಂಸ್ಥೆ ಇದೆ. ಉತ್ತರಾಖಂಡದ ಔಲಿಯಲ್ಲಿ ಗಢವಾಲ್ ಮಂಡಲ್ ವಿಕಾಸ್ ನಿಗಮದ ಕೋರ್ಸ್‌ಗಳಿವೆ, 7 ದಿನದ್ದು, 14 ದಿನದ್ದು. ಇಂಥ ಕೋರ್ಸ್‌ಗಳ ಫೀಸ್‌ನಲ್ಲಿ ಸಾಮಾನ್ಯವಾಗಿ ವಸತಿ, ಊಟ, ಸ್ಕೀ, ಬೂಟು ಎಲ್ಲ ಸೇರಿರುತ್ತೆ. ಹಾಗಾಗಿ ಹೋಲಿಸುವಾಗ ಬರೀ ಪಾಠದ ರೇಟನ್ನ ನೋಡಬೇಡಿ. ಶೀಟ್‌ನಲ್ಲಿ ಹೋಟೆಲ್, ಊಟ, ಬಾಡಿಗೆ ಎಲ್ಲ ಕೂಡಿಸಿ, ಕಲಿತ ಗಂಟೆಗಳಿಂದ ಭಾಗಿಸಿ. ಆಗ ಯಾವುದು ಅಗ್ಗ ಅಂತ ಶೀಟೇ ಹೇಳುತ್ತೆ.

ತೊಂದರೆ ಏನಪ್ಪಾ ಅಂದರೆ ಟೈಮ್. ಎರಡು ಸೆಮ್ ನಡುವಿನ ಗ್ಯಾಪ್‌ನಲ್ಲಿ ಎರಡು ವಾರದ ಕೋರ್ಸ್ ಕೂರಿಸೋದು ಕಷ್ಟ, ಅದರ ಮೇಲೆ ಮೆಡಿಕಲ್ ಸರ್ಟಿಫಿಕೇಟ್ ಬೇಕು, ಸೀಟು ಮೊದಲೇ ಬುಕ್ ಮಾಡಬೇಕು. ಆಗದಿದ್ದರೆ ಖಾಸಗಿ ಇನ್‌ಸ್ಟ್ರಕ್ಟರ್ ಇದ್ದಾರೆ. ಒಬ್ಬರನ್ನೇ ಮೂರು ದಿನಕ್ಕೆ ಗೊತ್ತು ಮಾಡಿ. ದಿನಕ್ಕೊಬ್ಬರಾದರೆ ದಿನಾ ಪಾಠ ಒಂದರಿಂದಲೇ ಶುರುವಾಗುತ್ತೆ.

ಗುಲ್ಮಾರ್ಗ್‌ಗೆ ಹೋಗೋರಿಗೆ ಒಂದು ಎಚ್ಚರಿಕೆ. ಊರು ಇರೋದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿಯ ಗೊಂಡೋಲಾದ ಎರಡನೇ ಹಂತ ಅಪರ್ವಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್‌ವರೆಗೆ ಕರೆದುಕೊಂಡು ಹೋಗುತ್ತೆ. ಮೇಲೆ ಹೋಗಿ ನೋಡಿ ಬನ್ನಿ, ಆದರೆ ಹೊಸಬರು ಅಲ್ಲಿಂದ ಸ್ಕೀ ಮಾಡಿಕೊಂಡು ಇಳಿಯೋ ಮಾತೇ ಬೇಡ. ಅದು ಹಿಮಕುಸಿತದ ಜಾಗ. ಫೆಬ್ರವರಿ 2024ರಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಸ್ಕೀಯರ್ ಒಬ್ಬರು ಜೀವ ಕಳೆದುಕೊಂಡರು. ಕಲಿಯೋರ ಜಾಗ ಕೆಳಗಿನ ಮೆಲು ಇಳಿಜಾರು.

ದುಡ್ಡು ಕೊಡೋ ಮೊದಲು ಕೇಳಿ

ಒಂದು, ನಿಮ್ಮ ಹತ್ತಿರ ಯಾವ ಕೋರ್ಸ್‌ನ ಸರ್ಟಿಫಿಕೇಟ್ ಇದೆ? ‘ಗೈಡ್’ ಅನ್ನೋ ಪದ ಅಲ್ಲಿ ಎಲ್ಲರಿಗೂ ಅನ್ವಯ ಆಗುತ್ತೆ, ಜಾಗ ತೋರಿಸೋರಿಗೂ, ಸ್ಲೆಡ್ಜ್ ಎಳೆಯೋರಿಗೂ. ಕಲಿಸೋರು ಬೇರೆ.

ಎರಡು, ಒಬ್ಬರಿಗೆ ಎಷ್ಟು ಜನ? ನಾಲ್ಕೈದಕ್ಕಿಂತ ಜಾಸ್ತಿ ಅಂದರೆ ಬೇಡ. ಎಂಟು ಜನ ಇದ್ದರೆ ಇಬ್ಬರನ್ನ ಗೊತ್ತು ಮಾಡಿ.

ಮೂರು, ಮೊದಲ ದಿನ ಏನು ಕಲಿಸ್ತೀರಿ? ಉತ್ತರದಲ್ಲಿ ‘ನಿಲ್ಲೋದು’, ‘ಬೀಳೋದು’ ಅನ್ನೋ ಮಾತು ಬರಬೇಕು. ‘ಮೇಲಿಂದ ಕೆಳಗೆ ಬಿಡ್ತೀವಿ, ಮಜಾ ಬರುತ್ತೆ’ ಅಂದರೆ ನಮಸ್ಕಾರ ಹೇಳಿ ಬನ್ನಿ.

ನಾಲ್ಕನೆಯದು ಬಹಳ ಮುಖ್ಯ: ಬಾಡಿಗೆ ಅಂಗಡಿಯವರು ನಿಮ್ಮ ತೂಕ ಕೇಳಿದರಾ? ಬೂಟನ್ನ ಸ್ಕೀಗೆ ಹಿಡಿದಿಡೋ ಭಾಗಕ್ಕೆ ಬೈಂಡಿಂಗ್ ಅಂತ ಹೆಸರು. ಜೋರಾಗಿ ಬಿದ್ದಾಗ ಅದು ಬೂಟನ್ನ ಬಿಟ್ಟುಬಿಡಬೇಕು. ಬಿಡದೇ ಹೋದರೆ ಉದ್ದದ ಸ್ಕೀ ಸನ್ನೆಗೋಲಿನ ಥರ ಕಾಲನ್ನ ತಿರುಚುತ್ತೆ, ಮಂಡಿಯ ಲಿಗಮೆಂಟ್ ಹೋಗುತ್ತೆ. ಫುಟ್‌ಬಾಲ್ ಆಡಿ ಎಸಿಎಲ್ ಹರಿದುಕೊಂಡೋರು ನಮ್ಮ ಬ್ಲಾಕ್‌ನಲ್ಲೇ ಇದ್ದಾರೆ, ಅವರನ್ನ ಕೇಳಿ ನೋಡಿ. ಎಷ್ಟು ಬಲಕ್ಕೆ ಬಿಡಬೇಕು ಅನ್ನೋದನ್ನ ಬೈಂಡಿಂಗ್ ಮೇಲಿನ ಒಂದು ಸ್ಕ್ರೂ ತಿರುಗಿಸಿ ಸೆಟ್ ಮಾಡ್ತಾರೆ. ಆ ಸಂಖ್ಯೆ ನಿರ್ಧಾರ ಆಗೋದು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಸ್ಕೀಯರ್‌ನ ಮಟ್ಟ ಇವುಗಳಿಂದ. ಇದಕ್ಕೆ ಐಎಸ್‌ಒ 11088 ಅನ್ನೋ ಸ್ಟ್ಯಾಂಡರ್ಡೇ ಇದೆ. 50 ಕೆ.ಜಿ.ಯವರಿಗೂ 90 ಕೆ.ಜಿ.ಯವರಿಗೂ ಒಂದೇ ಸೆಟ್ಟಿಂಗ್‌ನ ಸ್ಕೀ ಕೊಡೋ ಅಂಗಡಿ ಎಷ್ಟೇ ಅಗ್ಗ ಆದರೂ ಬೇಡ. ಮೆಕ್ಯಾನಿಕಲ್‌ನೋರು ಗ್ರೂಪ್‌ನಲ್ಲಿದ್ದರೆ ಈ ಒಂದು ಕೆಲಸ ಅವರಿಗೆ ವಹಿಸಿ.

‘ನಾವೇನು ಒಲಿಂಪಿಕ್ಸ್‌ಗೆ ಹೋಗ್ತೀವಾ?’

ಮೆಸ್‌ನಲ್ಲಿ ಇದೇ ಪ್ರಶ್ನೆ ಬಂತು. ಎರಡು ದಿನದ ಮಜಾಕ್ಕೆ ಇಷ್ಟೆಲ್ಲ ಯಾಕೆ? ಮಜಾ ಬೇಕು ಅಂದರೆ ತಪ್ಪಿಲ್ಲ, ಅದಕ್ಕೆ ಸ್ಲೆಡ್ಜ್ ಇದೆ. ಆದರೆ ಕಾಲಿಗೆ ಎರಡು ಹಲಗೆ ಕಟ್ಟಿಕೊಂಡ ಮೇಲೆ ಇಳಿಜಾರಿಗೆ ನಾವು ಮಜಾಕ್ಕೆ ಬಂದೋರೋ ಕಲಿಯೋಕೆ ಬಂದೋರೋ ಗೊತ್ತಾಗಲ್ಲ. ಕೆಳಗೆ ಹಿಮದಲ್ಲಿ ಆಡೋ ಮಗುವಿಗೆ ಯಾರೋ ಬ್ರೇಕ್ ಬರದೋರು ಗುದ್ದಿದರೆ ಅದು ಮಜಾ ಅಲ್ಲ.

‘ಯೂಟ್ಯೂಬ್ ನೋಡಿ ಕಲೀತೀವಿ’ ಅಂದರು ಇನ್ನೊಬ್ಬರು. ಪದಗಳನ್ನ ಕಲಿಯೋಕೆ ಯೂಟ್ಯೂಬ್ ಒಳ್ಳೆಯದು. ನಮ್ಮ ಹಿಂದಿ ಎಷ್ಟು ಅಂತ ನಮಗೇ ಗೊತ್ತು, ಇನ್‌ಸ್ಟ್ರಕ್ಟರ್ ಕೂಗಿದ್ದು ಅರ್ಥ ಆಗೋ ಹೊತ್ತಿಗೆ ಆರು ಸೆಕೆಂಡ್ ಮುಗಿದಿರುತ್ತೆ. ಹಾಗಾಗಿ ಮೊದಲೇ ನೋಡಿಕೊಂಡು ಹೋಗಿ. ಆದರೆ ನೀವು ಹಿಂದಕ್ಕೆ ವಾಲಿದ್ದು ವಿಡಿಯೋಗೆ ಕಾಣಲ್ಲ, ಪಕ್ಕದಲ್ಲಿ ನಿಂತೋರಿಗೆ ಮಾತ್ರ ಕಾಣುತ್ತೆ.

ಒಪ್ಪಲೇಬೇಕಾದ ವಾದ ಒಂದಿದೆ: ಹಿಮವೇ ಇಲ್ಲದಿದ್ದರೆ? ಇದು ನಿಜವಾದ ಭಯ. 2023ರ ಫೆಬ್ರವರಿಯಲ್ಲಿ ಔಲಿಯಲ್ಲಿ ನಡೆಯಬೇಕಿದ್ದ ರಾಷ್ಟ್ರೀಯ ಸ್ಪರ್ಧೆ ಹಿಮ ಸಾಲದೇ ರದ್ದಾಯಿತು. 2025ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನ ಇದೇ ಕಾರಣಕ್ಕೆ ಮಾರ್ಚ್‌ಗೆ ಮುಂದೂಡಿದರು. ದೇಶದ ಸ್ಪರ್ಧೆಗೇ ಹೀಗಾದರೆ ನಮ್ಮ ಟ್ರಿಪ್ ಯಾವ ಲೆಕ್ಕ? ಅದಕ್ಕೆ ಅಡ್ವಾನ್ಸ್ ಕೊಡುವಾಗಲೇ ಹಿಮ ಬೀಳದಿದ್ದರೆ ದುಡ್ಡು ವಾಪಸ್ ಬರುತ್ತಾ ಅಂತ ಕೇಳಿ, ಉತ್ತರವನ್ನ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಹಿಮ ಇಲ್ಲದಿದ್ದರೆ ಸೋಲಂಗ್‌ನಲ್ಲಿ ನಡೆದಾಡಿ, ನೋಡೋ ಬೆಟ್ಟಗಳಿಗೆ ಅಲ್ಲೇನೂ ಕಮ್ಮಿ ಇಲ್ಲ. ಇದ್ದಬದ್ದ ತೆಳ್ಳನೆ ಹಿಮದ ಮೇಲೆ, ಕಲ್ಲು ಕಾಣೋ ಕಡೆ, ದುಡ್ಡು ಕೊಟ್ಟಾಗಿದೆ ಅಂತ ಸ್ಕೀ ಕಟ್ಟಿಕೊಳ್ಳೋದು ಬೇಡ.

‘ಹಿಮ ನೋಡದ ನಾಡಿನೋರಿಗೆ ಇದೆಲ್ಲ ಬರಲ್ಲ ಬಿಡ್ರೋ’ ಅನ್ನೋ ಮಾತೂ ಬಂತು. ಇದನ್ನ ಮಾತ್ರ ನಾವು ಒಪ್ಪಲ್ಲ. ಕೊಡಗಿನ ತೆಕ್ಕಡ ಭವಾನಿ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕದ ಪರ ಖೇಲೋ ಇಂಡಿಯಾದಲ್ಲಿ ಚಿನ್ನ ಗೆದ್ದಿದ್ದಾರೆ. ಮಳೆ ಸುರಿಯೋ ಜಿಲ್ಲೆಯಿಂದ ಹೋದವರು. ಅವರದ್ದು ವರ್ಷಗಳ ತರಬೇತಿ, ನಾವು ಕೇಳ್ತಿರೋದು ಮೂರೇ ದಿನ.

ನಮ್ಮ ಶೀಟ್‌ನಲ್ಲಿ ಈಗ ಹೊಸ ಸಾಲು ಬಂದಿದೆ. ಊರು ಒಂದು ಕಮ್ಮಿ ಮಾಡಿ, ಹೋಟೆಲ್ ದರ್ಜೆ ಇಳಿಸಿ, ಇಬ್ಬರು ಇನ್‌ಸ್ಟ್ರಕ್ಟರ್‌ಗಳಿಗೆ ಮೂರು ದಿನದ ದುಡ್ಡು ಎತ್ತಿಟ್ಟಿದ್ದೀವಿ. ಎಂಟು ಜನರಲ್ಲಿ ಇಬ್ಬರು ‘ನಮಗೆ ಸ್ಲೆಡ್ಜೇ ಸಾಕು’ ಅಂದರು, ಅದೂ ಸರಿ, ಅವರ ಪಾಲಿನ ದುಡ್ಡು ಅವರಿಗೇ ಉಳೀತು. ನಿಮ್ಮ ಗ್ರೂಪ್‌ನ ಶೀಟ್ ಇನ್ನೂ ಫೈನಲ್ ಆಗಿಲ್ಲ ಅಂದರೆ ಇವತ್ತು ರಾತ್ರಿಯೇ ತೆರೆದು ನೋಡಿ. ಆ ಒಂದು ಗಂಟೆಯ ಸಾಲು ಎಲ್ಲಿದೆ ಅಂತ ನಿಮಗೇ ಗೊತ್ತಿರುತ್ತೆ.