ಗೋಡೆಯ ಮೇಲಿನ ಏಲಕ್ಕಿ

ಲಂಡನ್ನಿನ ಟವರ್ ಸೇತುವೆಯನ್ನು ದಾಟಿ ಥೇಮ್ಸ್ ನದಿಯ ದಕ್ಷಿಣ ದಡಕ್ಕಿಳಿದರೆ ಶಾಡ್ ಥೇಮ್ಸ್ ಎಂಬ ಇಕ್ಕಟ್ಟಾದ ಬೀದಿಯೊಂದುಂಟು. ಇಕ್ಕೆಲದಲ್ಲಿಯೂ ಇಟ್ಟಿಗೆಯ ಎತ್ತರವಾದ ಗೋದಾಮುಗಳು. ತಲೆಯ ಮೇಲೆ ಕಟ್ಟಡದಿಂದ ಕಟ್ಟಡಕ್ಕೆ ಹಾಯ್ದ ಕಬ್ಬಿಣದ ಕಾಲುಸೇತುವೆಗಳು. ಕಟ್ಟಡಗಳ ಹೆಸರುಗಳನ್ನು ಓದುತ್ತ ನಡೆದರೆ ನಮ್ಮ ಗೃಹಿಣಿಯರಿಗೆ ಅಡಿಗೆಮನೆಯ ಮಸಾಲೆಯ ಡಬ್ಬಿಯನ್ನೇ ತೆರೆದಂತಾದೀತು: ಏಲಕ್ಕಿ, ದಾಲ್ಚಿನ್ನಿ, ಲವಂಗ!

ಈಚೆಗೆ ಇಟ್ಟ ಹೆಸರುಗಳಾದರೂ ಇವು ಸುಳ್ಳು ಹೆಸರುಗಳಲ್ಲ. 1873ರಲ್ಲಿ ಪೂರ್ಣಗೊಂಡ ಬಟ್ಲರ್ಸ್ ವಾರ್ಫ್ ಎಂಬ ಇಲ್ಲಿಯ ದಕ್ಕೆಗೆ ದೂರದೇಶಗಳ ಚಹಾ, ಸಂಬಾರ ಪದಾರ್ಥಗಳು ಬಂದಿಳಿಯುತ್ತಿದ್ದವು. ಅವುಗಳನ್ನು ಹೊತ್ತವರ ಬಾಳು ಮಾತ್ರ ಸುವಾಸನೆಯದಾಗಿರಲಿಲ್ಲ. ಲಂಡನ್ನಿನ ಹಡಗುಕಟ್ಟೆಯ ಕೂಲಿಕಾರರು ದಿನ ಬೆಳಗಾದರೆ ಬಾಗಿಲಲ್ಲಿ ಗುಂಪುಗೂಡುವರು. ಮೇಸ್ತ್ರಿ ಆರಿಸಿದವನಿಗೆ ಅಂದಿನ ಅನ್ನ. ಮಿಕ್ಕವರು ಬರಿಗೈಯಲ್ಲಿ ಹಿಂದಿರುಗಬೇಕು. 1889ರಲ್ಲಿ ಅವರು ಗಂಟೆಗೆ 6 ಪೆನ್ಸ್ ಕೂಲಿಗಾಗಿ ಮುಷ್ಕರ ಹೂಡಿ ಗೆದ್ದರು. ಆದರೂ ಈ ದಿನಗೂಲಿಯ ಪದ್ಧತಿ ತೊಲಗಿ ಖಾಯಂ ಕೆಲಸ ಕೈಗೂಡಲು 1967 ಬರಬೇಕಾಯಿತು.

ವಿಧಿಯ ವಿಡಂಬನೆಯನ್ನು ನೋಡಿ: ಅದಾದ ಐದೇ ವರ್ಷಕ್ಕೆ, 1972ರಲ್ಲಿ, ಬಟ್ಲರ್ಸ್ ವಾರ್ಫ್ ಮುಚ್ಚಿತು. ಕಂಟೇನರ್ ಪೆಟ್ಟಿಗೆಗಳನ್ನು ಹೇರಿದ ಭಾರಿ ಹಡಗುಗಳು ಸಮುದ್ರಕ್ಕೆ ಸಮೀಪವಾದ ಟಿಲ್ಬರಿಯಲ್ಲಿಯೇ ಲಂಗರು ಹಾಕತೊಡಗಿದ್ದವು.

ಬರಿದಾದ ಗೋದಾಮುಗಳಿಗೆ ಮೊದಲು ಬಂದವರು ಕಲಾವಿದರು; ಚಲನಚಿತ್ರಕಾರ ಡೆರೆಕ್ ಜಾರ್ಮನ್ ಅವರಲ್ಲೊಬ್ಬ. 1979ರ ಬೆಂಕಿಯ ಅನಂತರ ಅವರೂ ಚದುರಿದರು. 1980ರ ದಶಕದಲ್ಲಿ ಟೆರೆನ್ಸ್ ಕಾನ್ರನ್ ಮುಂದಾಳಾಗಿ ಜೀರ್ಣೋದ್ಧಾರ ನಡೆಯಿತು. ಗೋದಾಮುಗಳು ಸಿರಿವಂತರ ವಸತಿಗಳಾದವು. ನದಿಯ ಅಂಚಿನಲ್ಲಿ ಭೋಜನಶಾಲೆಗಳು ತೆರೆದವು. ಈ ಉದ್ಧಾರವನ್ನು ಹಳಿಯುವುದು ನ್ಯಾಯವಲ್ಲ. ಪಾಳುಬಿದ್ದ ಕಟ್ಟಡಗಳು ಉಳಿದುಕೊಂಡದ್ದು ಅದರಿಂದಲೇ.

ಆದರೆ ಉಳಿದದ್ದೇನು? ಗೋಡೆ ಉಳಿಯಿತು, ಹೆಸರು ಉಳಿಯಿತು. ಏಲಕ್ಕಿಯ ಮೂಟೆಯನ್ನು ಹೊತ್ತವನ ಮೊಮ್ಮಗ ಇಂದು ಏಲಕ್ಕಿಯ ಹೆಸರಿನ ಮನೆಯಲ್ಲಿ ಬಾಡಿಗೆಗಿರಬಲ್ಲನೆ? ಸರಕಿಗೆ ಸ್ಮಾರಕವನ್ನು ಕಟ್ಟಿದ ನಗರ, ಹೊತ್ತ ಹೆಗಲಿಗೂ ಒಂದು ಸೂರನ್ನು ಉಳಿಸಿದ್ದರೆ ಆ ಚೆಲುವು ಪೂರ್ಣವಾಗುತ್ತಿತ್ತು. ಹಳೆಯ ದಕ್ಕೆಗಳೂ ಮಂಡಿಗಳೂ ನಮ್ಮ ಊರುಗಳಲ್ಲಿಯೂ ಉಂಟು. ಅವುಗಳನ್ನು ಅಂದಗೊಳಿಸಲು ಹೊರಡುವವರು ನಕ್ಷೆ ಬರೆಯುವ ಮೊದಲು ಈ ಲೆಕ್ಕವನ್ನೂ ಬರೆದುಕೊಳ್ಳುವುದು ಲೇಸು.