ಚೆನ್ನೈಗೆ ಗಾಳಿ, ನಮಗೆ ಜಡಿಮಳೆ: ಸೈಕ್ಲೋನ್ ಅಂದ್ರೆ ಆವನಿ ಕಡೆ ತಯಾರಿ ಏನು?

ಆವನಿ (ಮುಳಬಾಗಿಲು ತಾ.): ಟೀವಿಯಲ್ಲಿ ಚೆನ್ನೈ ಮರೀನಾ ಬೀಚಿನ ಅಲೆ ತೋರಿಸೋಕೆ ಶುರು ಮಾಡಿದ್ರೆ ನಮ್ಮ ಕಡೆ ಎರಡು ಮಾತು ಗ್ಯಾರಂಟಿ. ಒಂದು, 'ಸೈಕ್ಲೋನ್ ಹಿಡ್ಕೊಂಡಿದೆ, ಇನ್ನು ಮೂರು ದಿನ ಬಿಡಲ್ಲ.' ಇನ್ನೊಂದು, 'ಅದು ಮದ್ರಾಸಿನೋರ ತಲೆನೋವು ಬಿಡಪ್ಪ, ನಮಗೇನು.' ಎರಡನ್ನೂ ಒಬ್ಬನೇ ಮನುಷ್ಯ ಒಂದು ಟೀ ಕುಡಿಯೋ ಹೊತ್ತಲ್ಲಿ ಹೇಳ್ತಾನೆ. ಮೊದಲನೇ ಮಾತು ನಿಜ. ಎರಡನೇದು ನಮಗೆ ಪ್ರತಿ ಸಲ ದುಬಾರಿ ಬೀಳ್ತಿದೆ.

ಮ್ಯಾಪ್ ತೆಗೆದು ನೋಡಿ. ಆವನಿ, ಚೆನ್ನೈ ಎರಡೂ ಹೆಚ್ಚುಕಮ್ಮಿ ಒಂದೇ ಗೆರೆ ಮೇಲಿವೆ, 13 ಡಿಗ್ರಿ ಉತ್ತರ ಅಕ್ಷಾಂಶ. ಆವನಿ ಬೆಟ್ಟದ ಮೇಲೆ ನಿಂತು ನೇರ ಪೂರ್ವಕ್ಕೆ ಗೆರೆ ಎಳೆದ್ರೆ 200 ಕಿ.ಮೀ. ಚಿಲ್ಲರೆ ದೂರದಲ್ಲಿ ಸಮುದ್ರ. ಬಂಗಾಳಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ನೆಲ್ಲೂರಿಂದ ಪುದುಚೇರಿವರೆಗೆ ಎಲ್ಲೇ ದಡ ಹತ್ತಿದ್ರೂ ಅದರ ಮೋಡ ಪಲಮನೇರು ಘಾಟ್ ಹತ್ತಿ ನಂಗಲಿ ದಾಟಿ ಬರೋಕೆ ಒಂದು ದಿನ ಸಾಕು. ಗಾಳಿ ದಾರಿಯಲ್ಲೇ ಸುಸ್ತಾಗುತ್ತೆ, ನೀರು ಸುಸ್ತಾಗಲ್ಲ.

ದಡದ ಜನ ಹೇಗೆ ತಯಾರಾಗ್ತಾರೆ ಅಂತ ಒಂದು ಸಲ ನೋಡೋಣ. ಬಂದರಿನಲ್ಲಿ ಅಪಾಯದ ಸಂಕೇತ ಏರಿಸ್ತಾರೆ, ನಂಬರ್ 1ರಿಂದ 11ರವರೆಗೆ. ನಂಬರ್ ಏರಿದ ಹಾಗೆ ಮೀನುಗಾರರಿಗೆ ಮುಂದಿನ ಕೆಲಸ ಗೊತ್ತು: ದೋಣಿ ಮೇಲಕ್ಕೆ ಎಳೆಯೋದು, ಬಲೆ ಒಳಗಿಡೋದು, ರೇಷನ್ ಕಾರ್ಡು ಪತ್ರ ಎಲ್ಲ ಪ್ಲಾಸ್ಟಿಕ್ ಕವರಿಗೆ ಸೇರಿಸೋದು, ಕರೆದಾಗ ಆಶ್ರಯ ಕಟ್ಟಡಕ್ಕೆ ಹೋಗೋದು. ಇದು ಹುಟ್ಟಿನಿಂದ ಬಂದ ಬುದ್ಧಿ ಅಲ್ಲ, ಪೆಟ್ಟು ತಿಂದು ಕಲಿತದ್ದು. 1999ರ ಅಕ್ಟೋಬರ್ 29ರ ಒಡಿಶಾ ಸೂಪರ್ ಸೈಕ್ಲೋನಿನಲ್ಲಿ ಸತ್ತವರು ಸುಮಾರು 10 ಸಾವಿರ. 20 ವರ್ಷ ಆದ್ಮೇಲೆ, 2019ರ ಮೇ ತಿಂಗಳಲ್ಲಿ ಫೋನಿ ಬಂದಾಗ ಅದೇ ಒಡಿಶಾ ಸುಮಾರು 12 ಲಕ್ಷ ಜನರನ್ನ ಮೊದಲೇ ಜಾಗ ಬದಲಾಯಿಸಿತು, ಸಾವು ನೂರರ ಒಳಗೇ ನಿಂತಿತು. ನಮ್ಮದೇ ರಾಜ್ಯದ ಮಂಗಳೂರು, ಉಡುಪಿ ಕಡೆಯವರೂ 2021ರ ಮೇನಲ್ಲಿ ತೌಕ್ತೆ ಏಟು ತಿಂದವರೇ.

ಈ ತಯಾರಿಯನ್ನ ಹಂಗೇ ಎತ್ತಿ ಆವನಿಗೆ ತಂದ್ರೆ ಉಪಯೋಗ ಇಲ್ಲ. ಅಲ್ಲಿ ಜೀವ ತೆಗೆಯೋದು ಗಾಳಿ ಮತ್ತು ಅಲೆ. ಇಲ್ಲಿ ಬದುಕು ತೆಗೆಯೋದು ತೇವ.

ಅದಕ್ಕೇ ಸೈಕ್ಲೋನಿನ ಹೆಸರು ನೋಡಿ ಭಯ ಪಡೋದು, ಹೆಸರಿಲ್ಲ ಅಂತ ಸುಮ್ಮನಾಗೋದು, ಎರಡೂ ನಮಗೆ ತಪ್ಪು ಲೆಕ್ಕ. ಹವಾಮಾನ ಇಲಾಖೆ ಹೆಸರು ಕೊಡೋದು ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲೆ. ಅದಕ್ಕಿಂತ ಕಮ್ಮಿ ಇದ್ರೆ ಬರೀ 'ವಾಯುಭಾರ ಕುಸಿತ'. 2016ರ ಡಿಸೆಂಬರ್ 12ರಂದು ಚೆನ್ನೈಗೆ ಅಪ್ಪಳಿಸಿದ ವಾರ್ದಾಗೆ ಹೆಸರಿತ್ತು, ಚೆನ್ನೈಯಲ್ಲಿ ಸಾವಿರಾರು ಮರ ಬಿದ್ವು, ಎಲ್ಲ ಚಾನೆಲ್ಲಲ್ಲೂ ಅದೇ. ಅದು ನೆಲಕ್ಕೆ ಬಂದು ಬೇಗ ಸೊರಗಿತು. ಆದ್ರೆ 2021ರ ನವೆಂಬರ್ ನೆನಪು ಮಾಡ್ಕೊಳ್ಳಿ. ಆ ತಿಂಗಳು 11ಕ್ಕೆ ಒಂದು, 19ಕ್ಕೆ ಇನ್ನೊಂದು ಚೆನ್ನೈ-ಪುದುಚೇರಿ ನಡುವೆ ದಡ ದಾಟಿದ್ವು. ಎರಡಕ್ಕೂ ಹೆಸರಿಲ್ಲ, ಎರಡೂ ಬರೀ ವಾಯುಭಾರ ಕುಸಿತ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ರಾಗಿ ಮಲಗಿದ್ದು ಆ ಹೆಸರಿಲ್ಲದ ಮಳೆಗೆ.

ಇನ್ನೂ ಹತ್ತಿರದ ಉದಾಹರಣೆ ಫೆಂಗಲ್. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ರ ದಡ ಹತ್ತಿತು. ಮಾರನೇ ದಿನ ಶಕ್ತಿ ಕುಂದಿತು ಅಂತ ಸುದ್ದಿ ಬಂತು, ಜನ ನಿಟ್ಟುಸಿರು ಬಿಟ್ಟರು. ಆಮೇಲೆ ನಮ್ಮ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ 24 ಗಂಟೆಯಲ್ಲಿ 50 ಸೆಂ.ಮೀ. ಮಳೆ ಸುರೀತು. ನಿಲ್ಲಿಸಿದ್ದ ಕಾರು, ವ್ಯಾನು ರಸ್ತೆಯಲ್ಲೇ ತೇಲಿಹೋದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಊತಂಗರೈ ಸಮುದ್ರದ ದಡದಲ್ಲಿಲ್ಲ. ಆವನಿಯಿಂದ ನೇರ ಲೆಕ್ಕದಲ್ಲಿ 100 ಕಿ.ಮೀ. ಒಳಗೇ ಇದೆ. ನಮ್ಮ ಜಿಲ್ಲೆಗೆ ಇಡೀ ವರ್ಷಕ್ಕೆ ಬೀಳೋದೇ 70-75 ಸೆಂ.ಮೀ. ಮಳೆ. ಆ ಮೋಡ ಸ್ವಲ್ಪ ಉತ್ತರಕ್ಕೆ ನಿಂತಿದ್ರೆ ಏನಾಗ್ತಿತ್ತು, ನೀವೇ ಯೋಚನೆ ಮಾಡಿ.

ಈಗ ರಾಗಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಮ್ಮ ಹೋಬಳಿಗೆ ಇದೇ ದೊಡ್ಡದು. ಬಂಗಾಳಕೊಲ್ಲಿ ಕುದಿಯೋದು ಅಕ್ಟೋಬರಿಂದ ಡಿಸೆಂಬರ್. ಮಳೆಯಾಶ್ರಯದ ರಾಗಿ ಕುಯ್ಲಿಗೆ ಬರೋದು ನವೆಂಬರ್, ಡಿಸೆಂಬರ್. ಎರಡಕ್ಕೂ ಒಂದೇ ಮುಹೂರ್ತ. ಕುಯ್ದು ಅರಿ ಹಾಕಿದ ರಾಗಿಗೆ ನಾಲ್ಕು ದಿನ ಬಿಸಿಲು ಬೇಕು. ಆ ನಾಲ್ಕು ದಿನದಲ್ಲಿ ಜಡಿ ಹಿಡಿದ್ರೆ ತೆನೆಯಲ್ಲೇ ಮೊಳಕೆ, ಹುಲ್ಲು ಕಪ್ಪು, ಆ ಹುಲ್ಲನ್ನ ಹಸು ಮೂಸಿ ನೋಡಿ ಹಿಂದೆ ಸರಿಯುತ್ತೆ. ಹಾಲಿನ ದುಡ್ಡಲ್ಲಿ ಸಂಸಾರ ನಡೆಸೋ ಮನೆಗೆ ಕಾಳಿನ ನಷ್ಟಕ್ಕಿಂತ ಹುಲ್ಲಿನ ನಷ್ಟ ಜಾಸ್ತಿ ದಿನ ಕಾಡುತ್ತೆ. ಈ ಲೆಕ್ಕ ಯಾವ ಸರ್ಕಾರಿ ಸಮೀಕ್ಷೆಯಲ್ಲೂ ಸರಿಯಾಗಿ ಬರಲ್ಲ.

ಹಾಗಾಗಿ ನಮ್ಮ ರೈತನಿಗೆ ಬೇಕಿರೋ ಮುನ್ಸೂಚನೆ 'ಗಾಳಿ ಎಷ್ಟು' ಅಂತಲ್ಲ, 'ಎಷ್ಟು ದಿನ ಬಿಸಿಲು ಇರಲ್ಲ' ಅಂತ. ಇದನ್ನ ಕೇಳೋಕೆ ದಾರಿ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣಮಿತ್ರ' ನಂಬರ್ 92433 45433. ಊರು, ಹೋಬಳಿ ಹೇಳಿದ್ರೆ ನಮ್ಮ ಭಾಗದ ಮುನ್ಸೂಚನೆ ಹೇಳ್ತಾರೆ. ವಾಟ್ಸಾಪಲ್ಲಿ ಬರೋ ಯಾರದೋ ಹಳೇ ವಿಡಿಯೋ ನೋಡಿ ಹಸಿ ರಾಗಿ ಕುಯ್ಯೋದಕ್ಕಿಂತ ಒಂದು ಕಾಲ್ ಮಾಡೋದು ವಾಸಿ. ಮಳೆ ಗ್ಯಾರಂಟಿ ಅಂತಾದ್ರೆ ನಿಂತ ಪೈರನ್ನ ಮುಟ್ಟದೆ ಬಿಡೋದೇ ಎಷ್ಟೋ ಸಲ ಲಾಭ. ನಿಂತ ತೆನೆ ಒಂದೆರಡು ದಿನದ ಮಳೆ ತಡ್ಕೊಳ್ಳುತ್ತೆ, ನೆಲದ ಮೇಲಿನ ಅರಿ ತಡ್ಕೊಳ್ಳಲ್ಲ.

ಟೊಮೆಟೊದ್ದು ಬೇರೆ ಕತೆ. ಮೋಡ, ಚಳಿ, ತೇವ ಮೂರೂ ಸೇರಿದ್ರೆ ಅಂಗಮಾರಿ ನಾಲ್ಕೇ ದಿನದಲ್ಲಿ ತೋಟ ಸುಟ್ಟಂಗೆ ಮಾಡುತ್ತೆ. ಎನ್. ವಡ್ಡಹಳ್ಳಿ ಮಾರ್ಕೆಟ್ಟಿನ ಲೆಕ್ಕ ಇನ್ನೂ ವಿಚಿತ್ರ. ಸೈಕ್ಲೋನ್ ಬಂದ ದಿನ ಚೆನ್ನೈ ಕಡೆ ಲಾರಿ ಹೋಗಲ್ಲ, ಮಾಲು ನಿಲ್ಲುತ್ತೆ, ರೇಟು ಕೂರುತ್ತೆ. ಆಮೇಲೆ ಆಂಧ್ರದ್ದೂ ನಮ್ಮದೂ ತೋಟ ಹಾಳಾದ ಸುದ್ದಿ ಬಂದ್ರೆ ರೇಟು ಏರುತ್ತೆ. 2021ರ ನವೆಂಬರಲ್ಲಿ ಬೆಂಗಳೂರು, ಚೆನ್ನೈಯಲ್ಲಿ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು. ಆದ್ರೆ ಆ ರೇಟಿಗೆ ಮಾರೋಕೆ ತೋಟದಲ್ಲಿ ಹಣ್ಣಿರೋರು ಎಷ್ಟು ಜನ? ಮಾಲು ಇದ್ದಾಗ ದಾರಿ ಇಲ್ಲ, ದಾರಿ ತೆರೆದಾಗ ಮಾಲಿಲ್ಲ.

ರೇಷ್ಮೆಯವರು ಇದರಲ್ಲಿ ಸ್ವಲ್ಪ ಜಾಣರು. ಒದ್ದೆ ಸೊಪ್ಪು ಹಾಕಿದ್ರೆ ಹುಳ ಕೆಡುತ್ತೆ, ಚಳಿ-ತೇವಕ್ಕೆ ಸುಣ್ಣಕಟ್ಟು ಬರುತ್ತೆ ಅಂತ ಗೊತ್ತಿರೋದ್ರಿಂದ ಮೋಡ ನೋಡಿದ ತಕ್ಷಣ ಸೊಪ್ಪು ಕೊಯ್ದು ಒಳಗೆ ಹರವ್ತಾರೆ, ಮನೆಯಲ್ಲಿ ಸುಣ್ಣ ಉದುರಿಸ್ತಾರೆ. ಯಾರ ಆದೇಶಕ್ಕೂ ಕಾಯಲ್ಲ.

ಅಂಗಡಿಯವರಿಗೆ ಎರಡು ಮಾತು. ಜಡಿ ಹಿಡಿದ ಮೇಲೆ ಟಾರ್ಪಾಲು ಕೇಳೋರು ಹತ್ತು ಜನ, ಅಂಗಡಿಯಲ್ಲಿರೋದು ಎರಡು. ಅಕ್ಟೋಬರಲ್ಲೇ ತರಿಸಿಟ್ರೆ ವ್ಯಾಪಾರವೂ ಆಗುತ್ತೆ, ರಾಗಿಯೂ ಉಳಿಯುತ್ತೆ. ಗೊಬ್ಬರ, ಬೂಸಾ, ಅಕ್ಕಿ ಮೂಟೆ ನೆಲಕ್ಕೆ ತಾಗಿಸದೆ ಹಲಗೆ ಮೇಲಿಡಿ, ಗೋಡೆಯಿಂದ ಒಂದಡಿ ಬಿಡಿ. ರಸ್ತೆ ಎತ್ತರ ಮಾಡ್ತಾ ಮಾಡ್ತಾ ನಮ್ಮ ಹಳೇ ಅಂಗಡಿಗಳೆಲ್ಲ ರಸ್ತೆಗಿಂತ ಕೆಳಗೆ ಇಳಿದಿವೆ, ಚರಂಡಿ ಕಟ್ಟಿದ್ರೆ ನೀರಿಗೆ ಮೊದಲ ಮನೆ ನಿಮ್ಮ ಅಂಗಡಿಯೇ. ಕರೆಂಟ್ ತಂತಿ ಬಿದ್ರೆ ಮುಟ್ಟದೆ 1912ಕ್ಕೆ ಫೋನ್ ಮಾಡಿ. ಇನ್ನು ಮಣ್ಣಿನ ಗೋಡೆ ಮನೆಯವರು ನೆನಪಿಡಬೇಕಾದ್ದು, ಗೋಡೆ ಮಳೆ ಬರುವಾಗ ಮಾತ್ರ ಬೀಳಲ್ಲ. ನೆನೆದು ಭಾರವಾಗಿ, ಮಳೆ ನಿಂತ ಮಾರನೇ ದಿನವೂ ಕುಸಿಯುತ್ತೆ.

ಕೆರೆ ವಿಷಯದಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ, ಇದನ್ನ ಯಾರೂ ಅಷ್ಟಾಗಿ ಮಾತಾಡ್ತಿಲ್ಲ. ಮೊದಲು ನಮ್ಮ ಜಿಲ್ಲೆಯ ಕೆರೆಗಳು ಬಹುಪಾಲು ಖಾಲಿ. ಸೈಕ್ಲೋನ್ ಮಳೆ ಎಷ್ಟು ಬಂದ್ರೂ ಕುಡಿದುಬಿಡ್ತಿದ್ವು. 2018ರಿಂದ ಕೆ.ಸಿ. ವ್ಯಾಲಿ ನೀರು ಬಂದಮೇಲೆ ಆ ಯೋಜನೆಯ ಸಾಲಲ್ಲಿರೋ ಕೆರೆಗಳಲ್ಲಿ ಮಳೆಗೆ ಮೊದಲೇ ನೀರಿರುತ್ತೆ. ತುಂಬಿದ ಬಿಂದಿಗೆಗೆ ಇನ್ನೊಂದು ಚೊಂಬು ಹಾಕಿದಂಗೆ. ಕೋಡಿ ಬೇಗ ಹರಿಯುತ್ತೆ, ಆದ್ರೆ ಕೋಡಿ ಹೋಗೋ ಕಾಲುವೆ ಎಷ್ಟೋ ಕಡೆ ಹೊಲ ಆಗಿದೆ, ಸೈಟಾಗಿದೆ. 2021ರಲ್ಲಿ ಬೇತಮಂಗಲ ಕೋಡಿ ಬಿದ್ದಾಗ ಜನ ಸಾಲುಗಟ್ಟಿ ನೋಡೋಕೆ ಹೋದ್ರು, ಅದೇ ಪಾಲಾರ್ ಕೆಳಗೆ ವೇಲೂರಿನವರಿಗೆ ಪ್ರವಾಹ ಆಯ್ತು. ಸಾವಿರ ಅಡಿ ಬೋರು ಕೊರೆದು ಸಾಲದಲ್ಲಿರೋ ನಾವು ಮಳೆ ಬರಬೇಡ ಅನ್ನೋಕಂತೂ ಆಗಲ್ಲ. ಆದ್ರೆ ಕೋಡಿ, ತೂಬು, ರಾಜಕಾಲುವೆ ನೋಡಿಕೊಳ್ಳೋ ಮೀಟಿಂಗು ರೆಡ್ ಅಲರ್ಟ್ ಬಂದ ಸಂಜೆ ಮಾಡಿದ್ರೆ ಪ್ರಯೋಜನ ಇಲ್ಲ. ಜೆಸಿಬಿ ಸೆಪ್ಟೆಂಬರಲ್ಲಿ ಇಳೀಬೇಕು. ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ.

ಕೊನೇದು ದುಡ್ಡಿನ ವಿಷಯ. 2021ರ ಬೆಳೆ ನಷ್ಟಕ್ಕೆ ರಾಜ್ಯ ಸರ್ಕಾರ ಪರಿಹಾರ ಹೆಚ್ಚಿಸಿ ಮಳೆಯಾಶ್ರಯದ ಬೆಳೆಗೆ ಹೆಕ್ಟೇರಿಗೆ 13,600 ರೂ. ಅಂತ ಮಾಡಿತು. ಎಕರೆಗೆ ಸುಮಾರು 5,500. ಉಳುಮೆ, ಗೊಬ್ಬರ, ಕುಯ್ಲಿನ ಕೂಲಿ ಲೆಕ್ಕ ಹಾಕೋರಿಗೆ ಇದರ ಬೆಲೆ ಗೊತ್ತು. ಅದಕ್ಕಿಂತ ಮುಖ್ಯ, ಫಸಲ್ ಬಿಮಾದಲ್ಲಿ ಹೆಚ್ಚಿನವರು ಬಳಸದೆ ಬಿಡೋ ಒಂದು ಕಲಂ ಇದೆ. ಕುಯ್ದು ಹೊಲದಲ್ಲೇ ಒಣಗೋಕೆ ಹಾಕಿದ ಬೆಳೆ 14 ದಿನದೊಳಗೆ ಸೈಕ್ಲೋನ್ ಮಳೆಗೋ ಅಕಾಲ ಮಳೆಗೋ ಹಾಳಾದ್ರೆ ಅದಕ್ಕೂ ವಿಮೆ ಇದೆ, ಅದೂ ಒಬ್ಬೊಬ್ಬ ರೈತನ ಹೊಲ ನೋಡಿ. ಮುಂಗಾರಲ್ಲೇ ಕಂತು ಕಟ್ಟಿರಬೇಕು, ಹಾಳಾದ 72 ಗಂಟೆಯೊಳಗೆ ತಿಳಿಸಬೇಕು. ಸಹಾಯವಾಣಿ 14447. ಮಳೆ ಬಿಡಲಿ, ಆಮೇಲೆ ನೋಡೋಣ ಅಂತ ಕೂತ್ರೆ ನಾಲ್ಕನೇ ದಿನಕ್ಕೆ ಆ ಬಾಗಿಲು ಮುಚ್ಚಿರುತ್ತೆ. ನಮ್ಮ ಕಡೆ ಜಡಿ ಸಾಮಾನ್ಯವಾಗಿ ಬಿಡೋದೂ ನಾಲ್ಕನೇ ದಿನಕ್ಕೇ. ಮಳೆಯಲ್ಲೇ ಗೊರಗ ಹಾಕ್ಕೊಂಡು ಹೊಲಕ್ಕೆ ಹೋಗಿ ಫೋಟೋ ತೆಗೀರಿ, ಅಲ್ಲಿಂದಲೇ ಫೋನ್ ಮಾಡಿ, ಕೊಟ್ಟ ದೂರಿನ ನಂಬರ್ ಬರೆದಿಟ್ಕೊಳ್ಳಿ.